ಬೆಂಗಳೂರು ಎಷ್ಟು ತಾಸು? ಕಲಬುರಗಿಯ ಮನೆ ಬಾಗಿಲಿನಿಂದ ಲೆಕ್ಕ ಹಾಕುವ ಬಗೆ

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕುಂತಾಗ ಫೋನ್ ಬಂತು. ನಮ್ಮ ಓಣಿಯ ಹೆಣ್ಣುಮಗಳು, ಒಂದು ಸಾಲಿಯಲ್ಲಿ ಕ್ಲರ್ಕ್ ಇದ್ದಾಳೆ.

“ಅಣ್ಣಾ, ಬೆಂಗಳೂರಿಗಿ ವಿಮಾನದಾಗ ಒಂದ್ ತಾಸ್ ಹತ್ತ್ ನಿಮಿಷ ಅಂತ ಮೊಬೈಲ್‌ನಾಗ ತೋರಸ್ಲಕತ್ತದ. ಅವ್ವನ ಮೊಣಕಾಲ್ ತೋರಸಬೇಕು, ಡಾಕ್ಟರ್ ಮುಂಜಾನಿ ಹತ್ತಕ್ಕ ಬರ್ರಿ ಅಂದಾರ. ಮನಿಯಿಂದ ಎಂಟಕ್ಕ ಹೊಂಟ್ರ ಮುಟ್ತೀವಿಲ್ಲ?”

“ಎಂಟಕ್ಕ ಹೊಂಟ್ರ ಹತ್ತಕ್ಕ ನೀವಿನ್ನಾ ಸರಡಗಿದಾಗೇ ಇರ್ತೀರಿ ತಂಗಿ” ಅಂದೆ.

ಶ್ರೀನಿವಾಸ ಸರಡಗಿ ಅಂದರೆ ನಮ್ಮ ವಿಮಾನ ನಿಲ್ದಾಣ ಇರುವ ಊರು. ಆಕೆಗೆ ನನ್ನ ಮಾತು ನಂಬಿಕೆ ಆಗಲಿಲ್ಲ. ಆಕೆಯದೇನೂ ತಪ್ಪಿಲ್ಲ. ಮೊಬೈಲು ಹೇಳುವುದು ವಿಮಾನದ ಸಮಯ, ಅವ್ವನ ಸಮಯ ಅಲ್ಲ. ಇಂಥ ಫೋನು ನನಗೆ ವಾರಕ್ಕೆ ಎರಡಾದರೂ ಬರುತ್ತವೆ. ಒಂದು ಸಲ ಕುಂತು ಬರೆದಿಟ್ಟರೆ ಎಲ್ಲರಿಗೂ ಆಯಿತು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಇಪ್ಪತ್ತನಾಲ್ಕು ವರ್ಷದಿಂದ ಕಲಬುರಗಿಯಲ್ಲಿ ಬಾಡಿಗೆ ಗಾಡಿ ಓಡಿಸುತ್ತೇನೆ. ಮೊದಲು ಮಾಲೀಕರ ಟ್ರ್ಯಾಕ್ಸ್, ಈಗ ಸ್ವಂತ ಡಿಜೈರ್. ಡ್ಯಾಶ್‌ಬೋರ್ಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇರುತ್ತದೆ. ಹೊಂಟ ಟೈಮು, ಮುಟ್ಟಿದ ಟೈಮು, ನಡುವೆ ಎಲ್ಲಿ ಯಾಕೆ ನಿಂತೆವು ಎಂದು ಬರೆದಿಡುವ ಚಟ ನನಗೆ. ಇದು ಐದನೇ ನೋಟ್‌ಬುಕ್. ಕೆಳಗಿನ ಲೆಕ್ಕಗಳಲ್ಲಿ ಹೆಚ್ಚಿನವು ಅದರಿಂದ ಬಂದವು.

ದೂರ ಮೂರು ಥರ

ಕಲಬುರಗಿ-ಬೆಂಗಳೂರು ದೂರ ಹುಡುಕಿದರೆ ಒಂದು ಕಡೆ 490 ಕಿಲೋಮೀಟರ್, ಇನ್ನೊಂದು ಕಡೆ 547, ಮತ್ತೊಂದು ಕಡೆ 610 ಅಂತ ಬರುತ್ತದೆ. ಮೂರೂ ಖರೆ. ಮೊದಲನೆಯದು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ನೇರ ಗೆರೆ, ಎರಡನೆಯದು ರೈಲು ಹಳಿ, ಮೂರನೆಯದು ರಸ್ತೆ.

ನೇರ ಗೆರೆಯ ದೂರ ತೆಗೆಯುವುದನ್ನು ಪಿಯುಸಿ ಓದುವ ನನ್ನ ಮಗಳು ಹೇಳಿಕೊಟ್ಟಳು. ಮೊಬೈಲಿನ ನಕ್ಷೆಯಲ್ಲಿ ಒಂದು ಜಾಗವನ್ನು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ. ಮೊದಲಿನದು ಅಕ್ಷಾಂಶ, ಎರಡನೆಯದು ರೇಖಾಂಶ. ಕಲಬುರಗಿಗೆ 17.33 ಮತ್ತು 76.83, ಬೆಂಗಳೂರಿಗೆ 12.97 ಮತ್ತು 77.59. ಅಕ್ಷಾಂಶದ ವ್ಯತ್ಯಾಸ 4.36. ಒಂದು ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್, ಅಂದರೆ 484 ಆಯಿತು. ರೇಖಾಂಶದ ವ್ಯತ್ಯಾಸ 0.76. ನಮ್ಮ ಕಡೆ ಒಂದು ರೇಖಾಂಶಕ್ಕೆ 106-107 ಕಿಲೋಮೀಟರ್ ಹಿಡಿದರೆ ಸಾಕು, ಅದು 81. ಎರಡನ್ನೂ ಪೈಥಾಗೊರಸ್ ಪ್ರಮೇಯಕ್ಕೆ ಹಾಕಿದರೆ 490. ಬೆಂಗಳೂರು ನಮಗೆ ಹೆಚ್ಚುಕಮ್ಮಿ ನೆಟ್ಟಗೆ ದಕ್ಷಿಣಕ್ಕಿದೆ ಎಂಬುದು ನನಗೂ ಅವತ್ತೇ ಗೊತ್ತಾಯಿತು.

ಈ ಅಂಕಿಯನ್ನು ಒಂದೂಕಾಲಿನಿಂದ ಗುಣಿಸಿದರೆ ರಸ್ತೆಯ ದೂರ ಹತ್ತಿರಹತ್ತಿರ ಸಿಗುತ್ತದೆ. 490ಕ್ಕೆ 612 ಬರುತ್ತದೆ. ಕುಷ್ಟಗಿ-ಹೊಸಪೇಟೆ ಮೇಲೆ ಹೋದಾಗ ನನ್ನ ಮೀಟರ್ ತೋರಿಸುವುದೂ ಅಷ್ಟೇ. ಹೈದರಾಬಾದಿಗೆ ನೇರ ಗೆರೆ 175, ಒಂದೂಕಾಲು ಪಟ್ಟು ಅಂದರೆ 219. ಅದೂ ಸರಿಹೋಗುತ್ತದೆ. ಘಟ್ಟದ ಕಡೆ ಈ ಗುಣಾಕಾರ ನಡೆಯುವುದಿಲ್ಲ. ನಮ್ಮದು ಬಯಲು ಸೀಮೆ, ರಸ್ತೆ ಸುತ್ತುವುದು ಕಡಿಮೆ.

ದೂರವನ್ನು ತಾಸಿಗೆ ತಿರುಗಿಸುವುದು

ಇಲ್ಲೇ ಎಲ್ಲರೂ ಎಡವುವುದು. 610 ಕಿಲೋಮೀಟರನ್ನು 80ರಿಂದ ಭಾಗಿಸಿ “ಏಳೂವರೆ ತಾಸು” ಅಂತಾರೆ. ಗಾಡಿಯ ಮುಳ್ಳು 80 ತೋರಿಸುವುದು ಬೇರೆ, ತಾಸಿಗೆ 80 ಕಿಲೋಮೀಟರ್ ಸಾಗುವುದು ಬೇರೆ.

ನನ್ನ ನೋಟ್‌ಬುಕ್ ಪ್ರಕಾರ ಊರೂರಿನ ನಡುವೆ ಹಾಯುವ ಎರಡು ಲೇನಿನ ರಸ್ತೆಗೆ ತಾಸಿಗೆ 50 ಹಿಡಿಯಬೇಕು, ನಾಲ್ಕು ಲೇನಿಗೆ 75, ದೊಡ್ಡ ಶಹರದ ಒಳಗೆ 20. ಕಲಬುರಗಿ ಬಿಟ್ಟರೆ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು. ಕುಷ್ಟಗಿ ಮುಟ್ಟುವವರೆಗೆ 210 ಕಿಲೋಮೀಟರಿನ ಆಸುಪಾಸು, ಅದಕ್ಕೆ ನಾಲ್ಕು ತಾಸಿಗೆ ಮೇಲೆ. ಕುಷ್ಟಗಿಯಿಂದ ಹೊಸಪೇಟೆ, ಚಿತ್ರದುರ್ಗ, ತುಮಕೂರು ನಾಲ್ಕು ಲೇನು. ಆ 400 ಕಿಲೋಮೀಟರಿಗೆ ಐದೂಕಾಲು ತಾಸು. ಚಹಾ, ಊಟ, ಡೀಸೆಲ್, ಗಂಡಸರಿಗೆ ಹೆಂಗಸರಿಗೆ ನಿಲ್ಲಿಸುವುದು ಸೇರಿ ಒಂದೂವರೆ. ನೆಲಮಂಗಲದಿಂದ ಒಳಗೆ ಹೋಗುವಾಗ ಜಾಮ್ ಸಿಕ್ಕರೆ ಅದರ ಮೇಲೆ ಇನ್ನೊಂದು ತಾಸು. ಒಟ್ಟು ಹನ್ನೆರಡು. ಲಿಂಗಸುಗೂರು ದಾಟಿ ಸಿಂಧನೂರು-ಬಳ್ಳಾರಿ ಮೇಲೆ ಹೋಗುವವರೂ ಇದ್ದಾರೆ. ಭತ್ತದ ಕೊಯ್ಲಿನಲ್ಲಿ ಆ ಕಡೆ ಕೊಯ್ಯುವ ಮಿಶನ್ನುಗಳು ರಸ್ತೆ ತುಂಬ ಅಡ್ಡ ನಡೆಯುತ್ತವೆ, ಅದಕ್ಕೆ ನಾನು ಒಲ್ಲೆ ಅಂತೀನಿ.

ಮಳೆಗಾಲದಲ್ಲಿ ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಬೇಕಾದದ್ದು ಭೀಮಾ ನದಿಯ ಸುದ್ದಿ. ಮೇಲಿನ ಮಹಾರಾಷ್ಟ್ರದಿಂದ ನೀರು ಬಿಟ್ಟರೆ ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆ ಬಂದ್ ಆಗಬಹುದು. ಕಲಬುರಗಿಯಲ್ಲಿ ಬಿಸಿಲು ಹೊಡೆಯುತ್ತಿದೆ ಎಂದು ಭೀಮಾ ಸುಮ್ಮನಿದ್ದಾಳೆ ಅಂತ ತಿಳಿಯಬಾರದು.

ಹಿಂದಿನಿಂದ ಮುಂದಕ್ಕೆ

ಈಗ ನನ್ನ ಮುಖ್ಯ ಮಾತು. ಎಷ್ಟಕ್ಕೆ ಹೊರಡೋಣ ಎಂದು ಶುರು ಮಾಡಬೇಡಿ. ಕೆಲಸ ಎಷ್ಟು ಗಂಟೆಗೆ, ಯಾವ ಬಾಗಿಲಲ್ಲಿ ಎಂದು ಮೊದಲು ಬರೆಯಿರಿ. ಅಲ್ಲಿಂದ ಒಂದೊಂದೇ ತುಂಡು ಕಳೆಯುತ್ತ ಮನೆ ಬಾಗಿಲಿಗೆ ಬನ್ನಿ.

ವಿಮಾನಕ್ಕೆ ಮಾಡಿ ನೋಡೋಣ. ದೇವನಹಳ್ಳಿಯ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ವಾಯುವಜ್ರ ಬಸ್ಸಿನಲ್ಲಿ ಒಂದೂವರೆ ತಾಸು ಹಿಡಿಯಿರಿ, ಸಂಜೆಯಾದರೆ ಎರಡು. ಇಳಿದು ಬ್ಯಾಗು ತೆಗೆದುಕೊಂಡು ಹೊರಗೆ ಬರಲು 25 ನಿಮಿಷ. ಹಾರಾಟ ಒಂದು ತಾಸು 10 ನಿಮಿಷ, ಪಂಖಾ ತಿರುಗುವ ವಿಮಾನವಾದರೆ ಇನ್ನೊಂದಿಷ್ಟು. ಕೌಂಟರ್ ಸಾಮಾನ್ಯವಾಗಿ ವಿಮಾನ ಬಿಡುವ ಒಂದು ತಾಸು ಮೊದಲೇ ಮುಚ್ಚುತ್ತದೆ, ಆದ್ದರಿಂದ ಒಂದೂವರೆ ತಾಸು ಮೊದಲು ಅಲ್ಲಿರಬೇಕು. ಸೇಡಂ ರಸ್ತೆಯಲ್ಲಿ ಯುನಿವರ್ಸಿಟಿ ದಾಟಿ ಸರಡಗಿಗೆ ಶಹರದಿಂದ 14 ಕಿಲೋಮೀಟರ್, ಅರ್ಧ ತಾಸು. ಕೂಡಿಸಿದರೆ ಐದು ತಾಸು ಆಯಿತು. ಮೊಬೈಲಿನ ಒಂದು ತಾಸು 10 ನಿಮಿಷ ಹೀಗೆ ಐದು ತಾಸಾಗುತ್ತದೆ. ಆದರೂ ರಸ್ತೆಯ ಅರ್ಧಕ್ಕಿಂತ ಕಡಿಮೆ, ಅದನ್ನೂ ಒಪ್ಪಬೇಕು.

ಇದಕ್ಕೂ ಮೊದಲಿನ ಪ್ರಶ್ನೆ, ಆ ದಿನ ವಿಮಾನ ಇದೆಯೇ? 2019ರ ನವೆಂಬರ್ 22ಕ್ಕೆ ನಿಲ್ದಾಣ ಶುರುವಾದ ದಿನ ನಾನೂ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ನೋಡಲು ಹೋಗಿದ್ದೆ. ಮೂರು ಕಿಲೋಮೀಟರಿಗೆ ಮೇಲಿನ ರನ್‌ವೇ, ದೊಡ್ಡ ವಿಮಾನ ಇಳಿಯುವಷ್ಟು ಉದ್ದ. ರನ್‌ವೇ ಉದ್ದ ಇದ್ದರೇನು, ಸರ್ಕಾರದ ಉಡಾನ್ ಯೋಜನೆಯ ಮೇಲೆ ಓಡುವ ಸಣ್ಣ ಊರುಗಳ ವಿಮಾನ ಇವತ್ತು ಇರುತ್ತದೆ, ನಾಳೆ ನಿಲ್ಲುತ್ತದೆ, ಇದ್ದರೂ ವಾರದ ಎಲ್ಲ ದಿನ ಇರುವುದಿಲ್ಲ. ಸಂಬಂಧಿಕರು “ಹೋದ ವರ್ಷ ನಾವು ಹೋಗಿದ್ದೆವಲ್ಲ” ಅಂದರೆ ಅದರ ಮೇಲೆ ಡಾಕ್ಟರ ಹತ್ತಿರ ಟೈಮು ಕೇಳಬೇಡಿ. ಟಿಕೆಟ್ ಕೈಗೆ ಬಂದ ಮೇಲೆ ಕೇಳಿ. ಇನ್ನೊಂದು ಮಾತು. ಡಿಸೆಂಬರ್-ಜನವರಿಯಲ್ಲಿ ದೇವನಹಳ್ಳಿಯಲ್ಲಿ ಮುಂಜಾನೆ ಮಂಜು ಬಿದ್ದರೆ ಅಲ್ಲಿಂದ ಬರಬೇಕಾದ ವಿಮಾನ ತಡ. ಅದೇ ವಿಮಾನ ತಿರುಗಿ ನಿಮ್ಮನ್ನು ಕರೆದೊಯ್ಯಬೇಕು. ಸರಡಗಿಯಲ್ಲಿ ಬಿಸಿಲು ಬಿದ್ದಿದೆ, ವಿಮಾನ ಯಾಕೆ ತಡ ಎಂದು ಕೌಂಟರಿನ ಹುಡುಗಿಯ ಮೇಲೆ ಒದರಿ ಉಪಯೋಗವಿಲ್ಲ.

ರೈಲಿಗೂ ಹಿಂಗೇ. ವಂದೇ ಭಾರತ್ 2024ರ ಮಾರ್ಚಿನಲ್ಲಿ ಶುರುವಾಯಿತು. ನಸುಕಿನ ಐದೂಕಾಲಿನ ಸುಮಾರಿಗೆ ಬಿಟ್ಟು ಮಧ್ಯಾಹ್ನ ಎರಡರ ಹೊತ್ತಿಗೆ ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಸ್ಟೇಷನ್ ಮುಟ್ಟುತ್ತದೆ. ವಾರದಲ್ಲಿ ಒಂದು ದಿನ ರಜೆ, ಅದನ್ನು ನೋಡಿಕೊಳ್ಳಿ. ಮನೆಯಿಂದ ಸ್ಟೇಷನ್ನು, ಅಲ್ಲಿಂದ ನಿಮ್ಮ ಜಾಗ ಸೇರಿ ಹತ್ತೂವರೆ ತಾಸು. ಹೆಬ್ಬಾಳ, ಯಲಹಂಕ ಕಡೆ ಕೆಲಸ ಇದ್ದರೆ ಕೊನೆಯವರೆಗೆ ಹೋಗುವುದೇ ಬೇಡ, ಯಲಹಂಕದಲ್ಲೇ ನಿಲ್ಲುತ್ತದೆ, ಇಳಿಯಿರಿ. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಮುಂದೆ ಹೋಗಿ ಆಟೋದಲ್ಲಿ ಮತ್ತೆ ಹಿಂದೆ ಬರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಕಲಬುರಗಿ ಬಿಟ್ಟು ಮುಂಜಾನೆ ಮೆಜೆಸ್ಟಿಕ್ ಪಕ್ಕದ ಸ್ಟೇಷನ್ನಿಗೇ ಒಯ್ಯುತ್ತದೆ. ಯಾವ ರೈಲಾದರೂ ನನ್ನ ಅಂಕಿಗಿಂತ ಟಿಕೆಟ್ ಮೇಲಿನ ಸಮಯ ದೊಡ್ಡದು, ವೇಳಾಪಟ್ಟಿ ಆಗಾಗ ಬದಲಾಗುತ್ತದೆ.

ಬಸ್ಸಿನ ಬಗ್ಗೆ ಬಾಡಿಗೆ ಗಾಡಿಯವನು ಹೊಗಳಿ ಬರೆಯಬಾರದು, ಆದರೂ ಬರೆಯುತ್ತೇನೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸ್ಲೀಪರ್, ಅದು ಕಲ್ಯಾಣ ರಥವೋ ಅಮೋಘವರ್ಷವೋ, ರಾತ್ರಿ ಹತ್ತಿದರೆ ಮುಂಜಾನೆ ಬೆಂಗಳೂರು. ಗಡಿಯಾರದಲ್ಲಿ ಹನ್ನೊಂದು-ಹನ್ನೆರಡು ತಾಸು. ಆದರೆ ಅದರಲ್ಲಿ ಎಂಟು ತಾಸು ನೀವು ಮನೆಯಲ್ಲೂ ಮಲಗಿಯೇ ಇರುತ್ತಿದ್ದಿರಿ. ಹಗಲಿನ ದುಡಿಮೆ ಒಂದು ತಾಸೂ ಹೋಗುವುದಿಲ್ಲ. ಮುಂಜಾನೆಯ ವಿಮಾನದ ಐದು ತಾಸು ನಿಮ್ಮ ಅರ್ಧ ದಿನ ತಿನ್ನುತ್ತದೆ. ಇಂಟರ್‌ವ್ಯೂಗೆ ಹೋಗುವ ಹುಡುಗರಿಗೆ ನಾನು ಬಸ್ಸೇ ಹೇಳುವುದು. ತುಮಕೂರು ರಸ್ತೆಯಲ್ಲಿ ಜಾಮ್ ಕಂಡರೆ ನಾಗಸಂದ್ರದ ಹತ್ತಿರ ಇಳಿದು ಮೆಟ್ರೋ ಹತ್ತಲು ಹೇಳುತ್ತೇನೆ. ಮೊಣಕಾಲು ನೋವಿನವರಿಗೆ ಮಾತ್ರ ಮೇಲಿನ ಬರ್ತ್ ಕೊಡಿಸಬೇಡಿ.

ಮಳಖೇಡದಲ್ಲಿ ಕಲಿತದ್ದು

ಬೆಂಗಳೂರಿಗಿಂತ ನಾನು ಹೆಚ್ಚು ಹೋಗುವುದು ಹೈದರಾಬಾದಿಗೆ. ದುಬೈ, ಸೌದಿಗೆ ದುಡಿಯಲು ಹೋಗುವ ನಮ್ಮ ಕಡೆಯ ಹುಡುಗರಿಗೆಲ್ಲ ಅದೇ ಬಾಗಿಲು. ನಾನು ಹೊಸದಾಗಿ ಗಾಡಿ ಹಿಡಿದಾಗ ಶಹರದ ನಡುವಿನ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಬಿಡುತ್ತಿದ್ದೆ. 2008ರಲ್ಲಿ ಶಂಶಾಬಾದ್ ನಿಲ್ದಾಣ ಶುರುವಾದ ಮೇಲೆ ಹೊರಗಿನ ರಿಂಗ್ ರೋಡ್ ಹಿಡಿದರೆ ಶಹರದ ಒಳಗೆ ಕಾಲಿಡುವ ಕೆಲಸವೇ ಇಲ್ಲ.

ಹೋಗಲು ಎರಡು ದಾರಿ. ಒಂದು ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೆ. ಚೇವೆಳ್ಳ ರಸ್ತೆಯ ಎರಡೂ ಬದಿ ಹಳೆಯ ಆಲದ ಮರಗಳು, ನೋಡಲು ಚೆಂದ, ಓಡಿಸಲು ಇಕ್ಕಟ್ಟು. ಇನ್ನೊಂದು ಕಮಲಾಪುರ, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಮೇಲೆ. ಇದು ಕಿಲೋಮೀಟರಿನಲ್ಲಿ ಉದ್ದ, ಆದರೆ ಹುಮನಾಬಾದ್ ಆಚೆ ನಾಲ್ಕು ಲೇನು. ನನ್ನ ಲೆಕ್ಕದಲ್ಲಿ ಎರಡಕ್ಕೂ ಐದು ತಾಸೇ. ನಕ್ಷೆ ಮಾತ್ರ ಸೇಡಂ ದಾರಿಗೆ 20 ನಿಮಿಷ ಕಡಿಮೆ ತೋರಿಸುತ್ತದೆ. ಒಮ್ಮೆ ಆ 20 ನಿಮಿಷಕ್ಕೆ ಆಸೆಬಿದ್ದೆ.

ಆಗಸ್ಟ್ ತಿಂಗಳು. ಆಳಂದ ಕಡೆಯ ಹುಡುಗ, ಮೊದಲ ಸಲ ದುಬೈಗೆ ಹೊಂಟಿದ್ದ. ವಿಮಾನ ಸಂಜೆ ಏಳೂವರೆಗೆ. ಹೊರದೇಶಕ್ಕಾದರೆ ಮೂರು ತಾಸು ಮೊದಲು ಇರಬೇಕು, ಅಂದರೆ ನಾಲ್ಕೂವರೆ. ಐದು ತಾಸು ಕಳೆದು ಹನ್ನೊಂದೂವರೆಗೆ ಸರಿಯಾಗಿ ಹೊರಟೆವು. ಹನ್ನೆರಡೂಕಾಲಿಗೆ ಮಳಖೇಡದಲ್ಲಿ ಲಾರಿಗಳ ಸಾಲು ನಿಂತಿತ್ತು. ಕಾಗಿಣಾ ನದಿ ಸೇತುವೆಯ ಮೇಲೆ ಹರಿಯುತ್ತಿತ್ತು. ಮಳಖೇಡ ಅಂದರೆ ಅಮೋಘವರ್ಷ ನೃಪತುಂಗನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅವತ್ತು ನನಗೆ ಅದೆಲ್ಲ ಎಲ್ಲಿ ನೆನಪಾಗಬೇಕು, ಹಗ್ಗ ಕಟ್ಟಿ ನಿಂತ ಪೊಲೀಸರ ಮುಖ ನೋಡುತ್ತ ನಿಂತೆ. “ಇಳೀತದ, ಇನ್ನೊಂದ್ ಅರ್ಧ ತಾಸ್ ನೋಡ್ರಿ” ಅಂತ ಲಾರಿಯವರು ಅಂದರು. ನಾನೂ ನಂಬಿದೆ. ಹಂಗೇ ಒಂದೂವರೆ ತಾಸು ಕಳೆಯಿತು.

ತಿರುಗಿ ಕಲಬುರಗಿಗೆ ಬಂದಾಗ ಎರಡೂವರೆ. ಹುಮನಾಬಾದ್ ದಾರಿ ಹಿಡಿದು ನಾನು ಎಂದೂ ಓಡಿಸದ ಹಂಗ ಓಡಿಸಿದೆ. ಶಂಶಾಬಾದ್ ಮುಟ್ಟಿದಾಗ ಏಳೂವರೆ ದಾಟಿತ್ತು. ಹುಡುಗ ಒಂದು ಮಾತೂ ಅನ್ನಲಿಲ್ಲ. ಅವರಪ್ಪ ಹಿಂದಿನ ಸೀಟಿನಲ್ಲಿ ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದುಕೊಂಡೇ ಕುಂತಿದ್ದ. ಆ ಬಾಡಿಗೆ ನಾನು ತೆಗೆದುಕೊಳ್ಳಲಿಲ್ಲ. ಹುಡುಗ ಹದಿನೈದು ದಿನದ ಮೇಲೆ ಹೋದ, ಆ ಸಲ ಹುಮನಾಬಾದ್ ಮೇಲೆ.

ತಪ್ಪು ನದಿಯದಲ್ಲ. ನಾನು ಹನ್ನೆರಡೂಕಾಲಿಗೇ ತಿರುಗಿಸಿದ್ದರೆ ಒಂದಕ್ಕೆ ಕಲಬುರಗಿ, ಆರಕ್ಕೆ ಶಂಶಾಬಾದ್, ಕೌಂಟರ್ ಇನ್ನೂ ತೆರೆದಿರುತ್ತಿತ್ತು. ನೋಟ್‌ಬುಕ್ಕಿನ ಆ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: ನೀರು ಕಂಡರೆ ಹತ್ತು ನಿಮಿಷ, ಹನ್ನೊಂದನೆಯದಕ್ಕೆ ಗಾಡಿ ತಿರುಗಿಸು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಾನು ಹುಮನಾಬಾದ್ ದಾರಿಯನ್ನೇ ಹಿಡಿಯುತ್ತೇನೆ, ಅದರ ಮೇಲೆ ಒಂದು ತಾಸು ಹೆಚ್ಚಿಗೆ ಇಡುತ್ತೇನೆ. ಬೇಸಿಗೆಯ ಲಗ್ನಸರಾಯಿಯಲ್ಲೂ ಅರ್ಧ ತಾಸು ಹೆಚ್ಚಿಗೆ, ಊರೂರಿಗೆ ಮೆರವಣಿಗೆ ಅಡ್ಡ ಬರುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಕಲಬುರಗಿ ದಾಟುವುದಕ್ಕೇ ಬೇರೆ ಲೆಕ್ಕ ಬೇಕು. ಆ ಸಂಜೆ ಗಾಡಿಯನ್ನು ಮೊದಲೇ ರಿಂಗ್ ರೋಡಿನ ಆಚೆ ನಿಲ್ಲಿಸಿರುತ್ತೇನೆ.

ಗಾಡಿ ಮಾತಾಡುವಾಗ ಟೋಲು, ತೆಲಂಗಾಣದ ಪರ್ಮಿಟ್ಟು, ರಾತ್ರಿ ತಂಗಿದರೆ ಡ್ರೈವರ್ ಬತ್ತಾ ಬಾಡಿಗೆಯಲ್ಲೇ ಸೇರಿವೆಯೋ ಎಂದು ಮೊದಲೇ ಕೇಳಿಕೊಳ್ಳಿ. ನಡುದಾರಿಯಲ್ಲಿ ಈ ಮಾತು ತೆಗೆದರೆ ಇಬ್ಬರಿಗೂ ಮನಸ್ಸು ಕಹಿ.

ಬೀದರ್, ಯಾದಗಿರಿಯವರಿಗೆ

ಬೀದರಿನವರಿಗೆ ಅವರದೇ ವಿಮಾನ ನಿಲ್ದಾಣ ಇದೆ, ವಾಯುಪಡೆಯ ನೆಲೆಗೆ ಹತ್ತಿಕೊಂಡದ್ದು, 2020ರ ಫೆಬ್ರವರಿಯಲ್ಲಿ ಶುರುವಾದದ್ದು. ಅಲ್ಲೂ ಮೊದಲು ವಿಮಾನ ಇದೆಯೇ ಎಂದು ನೋಡಬೇಕು. ಇಲ್ಲದ ದಿನ ಸರಡಗಿಗೆ ಬರುವ ಬದಲು ಶಂಶಾಬಾದಿಗೇ ಹೋಗುವುದು ಲೇಸು. ಇಲ್ಲಿಗೆ ಎರಡೂವರೆ ತಾಸು, ಅಲ್ಲಿಗೆ ಮೂರು. ಅರ್ಧ ತಾಸಿನ ಆಸೆಗೆ ಒಂದೇ ವಿಮಾನದ ನಿಲ್ದಾಣ ನಂಬುವುದಕ್ಕಿಂತ ದಿನಕ್ಕೆ ಹತ್ತಾರು ವಿಮಾನ ಇರುವ ಕಡೆ ಹೋಗಿರಿ. ಕಲಬುರಗಿಯಿಂದಲೇ ರೈಲು ಹಿಡಿಯುವವರಿಗೆ 2017ರಲ್ಲಿ ಬೀದರ್-ಕಲಬುರಗಿ ಹಳಿ ಆದ ಮೇಲೆ ಹುಮನಾಬಾದ್ ರಸ್ತೆಯ ಕುಲುಕು ತಪ್ಪಿದೆ.

ಯಾದಗಿರಿಯವರು ವಿಮಾನ ಹಿಡಿಯಬೇಕಾದರೆ ದಕ್ಷಿಣಕ್ಕೆ ಹೋಗುವ ಸಲುವಾಗಿ ಮೊದಲು 80 ಕಿಲೋಮೀಟರ್ ಉತ್ತರಕ್ಕೆ ಬರಬೇಕು, ಎರಡು ತಾಸು. ನಮ್ಮ ಐದು ತಾಸು ಅವರಿಗೆ ಆರೂವರೆ. ರೈಲಿಗಾದರೆ ಬೆಂಗಳೂರಿನ ದಾರಿಯಲ್ಲಿ ಯಾದಗಿರಿ ನಮಗಿಂತ ಸುಮಾರು ಒಂದು ತಾಸು ಮುಂದೆ. ಉಳಿಯುವ ಸಮಯ ಎಷ್ಟು, ಅದಕ್ಕೆ ಕೊಡುವ ರೊಕ್ಕ ಎಷ್ಟು ಎಂದು ಅವರೇ ನೋಡಿಕೊಳ್ಳಲಿ.

ನಮ್ಮ ಓಣಿಯ ಹೆಣ್ಣುಮಗಳಿಗೂ ಇದನ್ನೇ ಕಾಗದದ ಮೇಲೆ ಬರೆದು ಕೊಟ್ಟೆ. ಡಾಕ್ಟರ್ ಹತ್ತಕ್ಕೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಒಂದು ತಾಸು, ಒಂಬತ್ತು. ಆಕೆಯ ಅಣ್ಣನ ಮನೆ ಯಲಹಂಕದಲ್ಲಿ, ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಒಂದು ತಾಸು, ಎಂಟು. ಅಂದರೆ ಹಿಂದಿನ ರಾತ್ರಿ ಅಣ್ಣನ ಮನೆಯಲ್ಲಿರಬೇಕು. ಅದಕ್ಕೆ ಹಿಂದಿನ ದಿನದ ವಂದೇ ಭಾರತ್ ಸಾಕು, ಯಲಹಂಕದಲ್ಲೇ ಇಳಿಯಬಹುದು, ಅವ್ವನಿಗೆ ಕಾಲು ಚಾಚಲು ಜಾಗವೂ ಇದೆ.

ನಸುಕಿನ ನಾಲ್ಕೂವರೆಗೆ ಅವರನ್ನು ಸ್ಟೇಷನ್ನಿಗೆ ಬಿಟ್ಟೆ. ಅವ್ವ ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಗಾಡಿ ತುಂಬ ಶೇಂಗಾ ಹಿಂಡಿಯ ವಾಸನೆ. ಇಳಿಯುವಾಗ ನನ್ನ ಭುಜ ಹಿಡಿದು ಕೇಳಿದರು.

“ತಮ್ಮಾ, ಬರೋ ಗಾಡಿ ರಾತ್ರಿ ಹನ್ನೊಂದೂವರಿಗಿ ಮುಟ್ತದಂತಲ್ಲ. ಆವಾಗ ನೀ ಎಷ್ಟಕ್ಕ ಬರ್ತಿ?”

“ಹನ್ನೊಂದಕ್ಕ ಇಲ್ಲೇ ನಿಂತಿರ್ತೀನ್ರಿ ಅವ್ವಾ” ಅಂದೆ, ನೋಟ್‌ಬುಕ್ ತೆಗೆದು ಬರೆದುಕೊಂಡೆ.